ಮಳೆಗಾಲದ ಮುಂಬಯಿಯಲ್ಲಿ ಗುಳ್ಳೆಯಿಲ್ಲದ ವಿನೈಲ್: ನನ್ನ ಅನುಭವ

ವಿನೈಲ್, ಅಂದರೆ ಹಿಂದೆ ಗಮ್ಮಿರುವ ಬಣ್ಣದ ಪ್ಲಾಸ್ಟಿಕ್ ಫಿಲ್ಮ್, ಅಂಟಿಸಿದ ದಿನ ನುಣ್ಣಗಿದ್ದ ಆಕ್ರಿಲಿಕ್ ಬೋರ್ಡಿನಲ್ಲಿ ನಾಲ್ಕೈದು ದಿನ ಕಳೆದ ಮೇಲೆ ಗುಳ್ಳೆ ಎದ್ದರೆ ಫಿಟ್ಟರ್‌ನನ್ನು ಬೈಯಬೇಡಿ, ಕೆಳಗಿನ ಆಕ್ರಿಲಿಕ್ ಶೀಟನ್ನು ನೋಡಿ. ಇಷ್ಟು ಹೇಳಿದರೆ ಬೋರ್ಡು ಮಾಡುವ ನಮ್ಮ ಧಂದೆಯವರು ಒಪ್ಪುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕ್ರಿಲಿಕ್ ಮೇಲೆ ನೀರು ಹೊಡೆದು ವಿನೈಲ್ ಅಂಟಿಸಲೇಬಾರದು, ಎಲ್ಲವನ್ನೂ ಡ್ರೈ ಮಾಡಬೇಕು ಎಂಬುದೇ ಮುಂಬಯಿಯಲ್ಲಿ ಎಲ್ಲರೂ ಕಲಿತು ಬಂದ ಪಾಠ. "ಮಳೆಯಲ್ಲಿ ನೀರು ಹಾಕಿ ಅಂಟಿಸ್ತೀರಾ? ವಾರದೊಳಗೆ ಎದ್ದು ಬರ್ತದೆ ನೋಡಿ ಮಾರಾಯ್ರೆ" ಎಂದವರೇ ಹೆಚ್ಚು. ಕಳೆದ ಮಳೆಗಾಲಗಳಲ್ಲಿ ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮೂರ ಹೋಟೆಲುಗಳಿಗೆ ಮಾಡಿದ, ಒಳಗಿಂದ ಬೆಳಕು ಬರುವ ಗ್ಲೋ ಸೈನ್‌ಗಳೆಲ್ಲ ನೀರು ಹಾಕಿಯೇ ಅಂಟಿಸಿದವು. ಗುಳ್ಳೆ ಬಂತು ಎಂದು ಒಬ್ಬ ಪಾರ್ಟಿಯೂ ಫೋನ್ ಮಾಡಿಲ್ಲ.

ಮೊದಲು ಗುಳ್ಳೆಯ ಜಾತಿ ಗುರುತಿಸಬೇಕು. ಉಗುರಿನಿಂದ ಒತ್ತಿ ನೋಡಿ. ಒಳಗೆ ಗಟ್ಟಿ ಕಾಳು ಸಿಕ್ಕಿದರೆ ಅದು ಧೂಳು. ಶೀಟಿನ ಮೇಲಿನ ಪೇಪರ್ ಎಳೆದಾಗ ಹುಟ್ಟುವ ಸ್ಟ್ಯಾಟಿಕ್ ಕರೆಂಟು ಎಳೆದುಕೊಂಡದ್ದು. ಒತ್ತಿದರೆ ಪಕ್ಕಕ್ಕೆ ಜಾರಿ ಮತ್ತೆ ಬಂದರೆ ನೀರು. ಸ್ಕ್ವೀಜಿ (ಫಿಲ್ಮನ್ನು ಒತ್ತಿ ಎಳೆಯುವ ಪಟ್ಟಿ) ಹೋದ ದಾರಿಯಲ್ಲೇ ಉದ್ದಕ್ಕೆ ಮಲಗಿದ್ದು, ಅದೇ ದಿನ ಕಾಣಿಸಿದರೆ ಕೈಯಿಂದ ಸಿಕ್ಕಿಕೊಂಡ ಗಾಳಿ. ಸೂಜಿಯಿಂದ ಚುಚ್ಚಿ ಕೂರಿಸಿದ ಮೇಲೂ ಬಿಸಿಲು ಬಿದ್ದಾಗ ಪಕ್ಕದಲ್ಲೇ ಇನ್ನೊಂದು ಎದ್ದರೆ, ಗುಂಡಗಿದ್ದು ಬೋರ್ಡಿನ ತುಂಬ ಹರಡಿದ್ದರೆ, ಅದು ಶೀಟಿನೊಳಗಿಂದ ಹೊರಬರುವ ಆವಿ. ಮುಂಬಯಿಯಲ್ಲಿ ದುಡ್ಡು ತಿನ್ನುವುದು ಈ ಕೊನೆಯದು.

ಆಕ್ರಿಲಿಕ್ ಗೋಡೌನಿನಲ್ಲಿ ಮಲಗಿರುವಾಗ ತೇವ ಕುಡಿಯುತ್ತದೆ. ಮೇಲೆ ಕೆಳಗೆ ಎರಡೂ ಕಡೆ ಪೇಪರ್ ಇರುವುದರಿಂದ ಅದು ಹೊರಗೆ ಹೋಗುವುದೂ ನಿಧಾನ. ಹಾಗೇ ವಿನೈಲ್ ಹೊದಿಸಿ ಒಳಗೆ ಟ್ಯೂಬ್ ಉರಿಸಿದರೆ ಶೀಟು ಬಿಸಿಯಾಗಿ ಆವಿ ಮೇಲೇಳುತ್ತದೆ, ಫಿಲ್ಮ್ ತಡೆಯುತ್ತದೆ, ಗುಳ್ಳೆ ಏಳುತ್ತದೆ. ನೀರು ಹಾಕಿ ಅಂಟಿಸಿದರೂ ಡ್ರೈ ಅಂಟಿಸಿದರೂ ಇದು ಆಗುವುದೇ. ಎಲ್ಲರೂ ಸ್ಪ್ರೇ ಬಾಟಲಿಯ ಮೇಲೆ ಹೊರಿಸುವ ತಪ್ಪು ಗೋಡೌನಿನದು.

ಅದಕ್ಕೇ ಒಣಗಿಸುವ ಪೆಟ್ಟಿಗೆ ಮಾಡಿದೆ. ಎಂಟಡಿ ನಾಲ್ಕಡಿಯ ಶೀಟು ಮಲಗಿಸುವಷ್ಟು ದೊಡ್ಡದು, ಎತ್ತರ ಒಂದಡಿ, 12 ಎಂಎಂ ಕಮರ್ಷಿಯಲ್ ಪ್ಲೈ, ಒಳಗೆ ಸುತ್ತಲೂ ಒಂದಿಂಚು ಥರ್ಮೋಕೋಲ್. 100 ವ್ಯಾಟಿನ ಹಳೇ ಕಾಲದ ಬಲ್ಬು ಮೂರು. ಅವುಗಳ ಹಿಂದೆ ಮುಂದೆ ತಗಡು ಹೊಡೆಯಲೇಬೇಕು, ಇಲ್ಲದಿದ್ದರೆ ಥರ್ಮೋಕೋಲ್ ಕರಗಿ ಬೆಂಕಿಯ ಅಪಾಯ. ತೇವದ ಗಾಳಿ ಹೊರಹೋಗಲು ಎರಡು ತೂತು, ಒಂದಕ್ಕೆ ಕಂಪ್ಯೂಟರಿನ ಸಣ್ಣ ಫ್ಯಾನು. ಥರ್ಮೋಕೋಲ್ ಇಲ್ಲದ ಬರೀ ಪ್ಲೈ ಪೆಟ್ಟಿಗೆ ಕೆಲಸ ಮಾಡುವುದಿಲ್ಲ, ಬಿಸಿಯೆಲ್ಲ ಹೊರಗೆ ಹೋಗಿ 40 ಡಿಗ್ರಿ ದಾಟುವುದೇ ಕಷ್ಟ. ಥರ್ಮೋಕೋಲ್ ಬಿದ್ದ ಮೇಲೆ 50–55 ನಿಲ್ಲುತ್ತದೆ. ಎರಡೂ ಕಡೆಯ ಪೇಪರ್ ತೆಗೆದು, ಕೆಳಗೆ ಪಟ್ಟಿ ಕೊಟ್ಟು ಸಮತಟ್ಟಾಗಿ ಮಲಗಿಸಿ. ಒರಗಿಸಿ ನಿಲ್ಲಿಸಿದರೆ ಬಾಗುತ್ತದೆ. 3 ಎಂಎಂ ಶೀಟಿಗೆ ಒಂದು ರಾತ್ರಿ, 5 ಎಂಎಂಗೆ ಎರಡು. ಪೆಟ್ಟಿಗೆಗೆ ಆರೇಳು ಸಾವಿರ ಬಿದ್ದಿರಬೇಕು. ಕರೆಂಟು ರಾತ್ರಿಗೆ ಮೂರೂವರೆ ನಾಲ್ಕು ಯುನಿಟ್. ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಜಾತಿಯ ಪ್ಲಾಸ್ಟಿಕ್ ಶೀಟಿಗೆ ಈ ಪೆಟ್ಟಿಗೆ ಸಾಲದು. ಅದಕ್ಕೆ 120 ಡಿಗ್ರಿ ಆಸುಪಾಸಿನ ಒವನ್ ಬೇಕು. ಆ ಕೆಲಸ ನಾನು ಮಳೆಗಾಲದಲ್ಲಿ ಹಿಡಿಯುವುದೇ ಇಲ್ಲ.

ಒಣಗಿತೋ ಇಲ್ಲವೋ ಎಂದು ನೋಡಲು ಅರ್ಧ ಅಡಿಯ ವಿನೈಲ್ ತುಂಡನ್ನು ಶೀಟಿನ ಮೂಲೆಗೆ ಅಂಟಿಸಿ ಅದೇ ಪೆಟ್ಟಿಗೆಯಲ್ಲಿ ಒಂದು ದಿನ ಬಿಡಿ. ಗುಳ್ಳೆ ಎದ್ದರೆ ಇನ್ನೊಂದು ರಾತ್ರಿ.

ನೀರಿನ ವಿಷಯಕ್ಕೆ ಬರೋಣ. ಒಂದು ಲೀಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಮೂರ್ನಾಲ್ಕು ಹನಿ, ಅದಕ್ಕಿಂತ ಹೆಚ್ಚು ಬೇಡ. ನೊರೆ ಬರುವಷ್ಟು ಹಾಕುವವರ ಬೋರ್ಡಿನ ಅಂಚುಗಳೇ ಮೊದಲು ಏಳುವುದು. ಸೋಪು ಗಮ್ಮಿನ ಮೇಲೆ ಪದರವಾಗಿ ಉಳಿದು ಹಿಡಿತ ಕೊಡುವುದಿಲ್ಲ. ಬೇಗ ಆರಲು ಇದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಸೇರಿಸುತ್ತೇನೆ. ಎಷ್ಟು ಎಂಬುದು ನನ್ನಲ್ಲೇ ಇರಲಿ, ಹೊಂದಿಸಲು ಸಾಕಷ್ಟು ವಿನೈಲ್ ಹಾಳಾಗಿದೆ. ಲೇಸರಿನಲ್ಲಿ ಕತ್ತರಿಸಿದ ಅಂಚಿಗೆ ಮಾತ್ರ ಆಲ್ಕೋಹಾಲ್ ತಾಗಿಸಬೇಡಿ, ಕೂದಲೆಳೆಯ ಬಿರುಕು ಓಡುತ್ತದೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಆಕ್ರಿಲಿಕ್‌ಗೆ ಇನ್ನೂ ಕೆಟ್ಟದು. ಟ್ಯಾಂಕರಿನ ಬೋರ್‌ವೆಲ್ ನೀರು ಆರಿದ ಮೇಲೆ ಫಿಲ್ಮಿನ ಕೆಳಗೆ ಬಿಳಿ ಚುಕ್ಕೆ ಬಿಡುತ್ತದೆ, ಹಿಂದಿನಿಂದ ಬೆಳಕು ಬಿದ್ದಾಗ ಅದೂ ಗುಳ್ಳೆಯ ಹಾಗೇ ಕಾಣುತ್ತದೆ. ಕುಡಿಯುವ ಫಿಲ್ಟರ್ ನೀರೇ ಬಳಸಿ.

ಸ್ಕ್ವೀಜಿ ಎಳೆಯುವುದು ಎರಡು ಸುತ್ತು. ಮೊದಲನೆಯದು ಹಗುರ: ಫೆಲ್ಟ್ ಹಚ್ಚಿದ್ದು, 45 ಡಿಗ್ರಿ ವಾಲಿಸಿ, ಫಿಲ್ಮಿನ ಮೇಲೂ ನೀರು ಹೊಡೆದು, ನಡುವಿನಿಂದ ಹೊರಕ್ಕೆ, ಪ್ರತಿ ಎಳೆತ ಹಿಂದಿನದರ ಅರ್ಧ ಮುಚ್ಚುವಂತೆ. ಐದು ನಿಮಿಷ ಬಿಟ್ಟು ಎರಡನೆಯದು, ಇದು ಪೂರ್ತಿ ಬಲ ಕೊಟ್ಟು. ಅಂಚಿಗೆ ಬಂದ ನೀರನ್ನು ಆಗಾಗ ಬಟ್ಟೆಯಿಂದ ಒರೆಸದಿದ್ದರೆ ಅದೇ ನೀರು ಒಳಗೆ ವಾಪಸು ಹೋಗುತ್ತದೆ. ಎಲ್ಲರೂ ಅವಸರ ಮಾಡುವುದು ಇದಾದ ಮೇಲೆ. ಡಿಸೆಂಬರಿನಲ್ಲಿ, ಕತ್ತರಿಸಿದ ಅಕ್ಷರಗಳನ್ನು ಎತ್ತಿ ಕೂರಿಸಲು ಮೇಲೆ ಹಚ್ಚಿದ ಟ್ರಾನ್ಸ್‌ಫರ್ ಟೇಪನ್ನು ಇಪ್ಪತ್ತು ನಿಮಿಷಕ್ಕೆ ತೆಗೆಯಬಹುದು, ಜುಲೈಯಲ್ಲಿ ಒಂದು ಗಂಟೆ ಕೊಡಿ. ತೆಗೆಯುವಾಗ ಮೇಲಕ್ಕೆ ಎಳೆಯದೆ ಪೂರ್ತಿ ಹಿಂದಕ್ಕೆ ಮಡಚಿ ಎಳೆಯಬೇಕು. ಒಂದಿಂಚಿಗಿಂತ ಸಣ್ಣ ಅಕ್ಷರಗಳಿಗೆ ನೀರು ಬೇಡ, ಜಾರುತ್ತವೆ.

ಮರಾಠಿ ಬೋರ್ಡುಗಳಲ್ಲಿ ಅಕ್ಷರಗಳ ತಲೆಯ ಮೇಲೆ ಓಡುವ ಶಿರೋರೇಖೆಯದೇ ಬೇರೆ ಕಷ್ಟ. ಹತ್ತಡಿ ಉದ್ದದ ಸಪೂರ ಪಟ್ಟಿಯನ್ನು ಒಂದು ತುದಿಯಿಂದ ಒತ್ತುತ್ತ ಹೋದರೆ ಫಿಲ್ಮ್ ಎಳೆದುಕೊಂಡು ಕೊನೆಗೆ ಅಲೆ ನಿಲ್ಲುತ್ತದೆ, ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ರೇಖೆಯ ನಡುವಿನಿಂದ ಎರಡೂ ಕಡೆಗೆ ಹೋಗಿ, ಆಮೇಲೆ ಅಕ್ಷರಗಳಿಗೆ ಇಳಿಯಿರಿ. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮರಾಠಿ ಬೋರ್ಡಿಗೆ ಎರಡು ತಿಂಗಳ ಗಡುವು ಕೊಟ್ಟಾಗ ಇಡೀ ನಗರ ಒಟ್ಟಿಗೇ ಬೋರ್ಡು ಬದಲಿಸಲು ಹೊರಟಿತು. ಇಂಥ ನೂಕುನುಗ್ಗಲಿನಲ್ಲಿ ಪ್ರಿಂಟ್ ಮಾಡಿದ ರಾತ್ರಿಯೇ ಲ್ಯಾಮಿನೇಶನ್ ಮಾಡಿ ಬೆಳಗ್ಗೆ ಹತ್ತಿಸುವ ಆಸೆ ಹುಟ್ಟುತ್ತದೆ. ಸಾಲ್ವೆಂಟ್ ಇಂಕು ಆರಲು ಒಂದೆರಡು ದಿನ ಬೇಕೇ ಬೇಕು, ಅದೂ ರೋಲನ್ನು ಸಡಿಲ ಸುತ್ತಿ ನಿಲ್ಲಿಸಿ. ಒಳಗುಳಿದ ಸಾಲ್ವೆಂಟು ಗಮ್ಮನ್ನು ಮೆತ್ತಗೆ ಮಾಡಿ ಅಂಚಿನಲ್ಲಿ ಸುರಂಗ ಕೊರೆಯುತ್ತದೆ. ಅದನ್ನು ಯಾವ ಸ್ಕ್ವೀಜಿಯೂ ಸರಿಮಾಡದು.

ನೀರು ಎಲ್ಲದಕ್ಕೂ ಅಲ್ಲ. ಗಾಳಿ ಹೋಗಲು ಗಮ್ಮಿನಲ್ಲೇ ಗೀರುಗಳಿರುವ ವಿನೈಲ್‌ಗೆ ನೀರು ಹಾಕಿದರೆ ಆ ಗೀರುಗಳಲ್ಲಿ ನೀರು ತುಂಬಿ, ಹೆಚ್ಚು ಕೊಟ್ಟ ದುಡ್ಡು ದಂಡ. ಹೊಸದಾಗಿ ಬಣ್ಣ ಹೊಡೆದ ತಗಡಿಗೆ ವಾರವಾದರೂ ಕಾಯದೆ ಏನನ್ನೂ ಅಂಟಿಸಬಾರದು. ಎಸಿಪಿಗೆ (ಎರಡು ಅಲ್ಯುಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಶೀಟು) ವಿನೈಲನ್ನು ನಡುಮಧ್ಯ ಮಾಸ್ಕಿಂಗ್ ಟೇಪ್ ಹಾಕಿ ಹಿಡಿಸಿ ಡ್ರೈ ಮಾಡಿದರೇ ಚೆನ್ನ. ವರಳಿ, ಮರೀನ್ ಡ್ರೈವ್ ಕಡೆಯ ಗಾಜಿನ ಮೇಲೆ ಸಮುದ್ರದ ಉಪ್ಪು ಕೂತಿರುತ್ತದೆ. ಐಸೋಪ್ರೊಪೈಲ್‌ನಲ್ಲಿ ಉಪ್ಪು ಕರಗುವುದಿಲ್ಲ, ಬರೀ ಹರಡುತ್ತದೆ. ಮೊದಲು ಸಾದಾ ನೀರಿನಲ್ಲಿ ತೊಳೆದು, ಆಮೇಲೆ ಆಲ್ಕೋಹಾಲ್.

ಪಕ್ಕದಲ್ಲಿ ಕೆಲವು ಪ್ರಯೋಗಗಳೂ ನಡೆದವು. ಬೇಬಿ ಶಾಂಪೂ ಮತ್ತು ಪಾತ್ರೆ ಲಿಕ್ವಿಡ್ ನಡುವೆ ನನಗೆ ವ್ಯತ್ಯಾಸ ಕಾಣಲಿಲ್ಲ. ಕಂಡಿಷನರ್ ಇರುವ ಶಾಂಪೂ ಮಾತ್ರ ಗಮ್ಮನ್ನು ಕೊಲ್ಲುತ್ತದೆ. ಶೀಟಿಗೆ ಪೆಟ್ಟಿಗೆಯ ಬದಲು ಹೀಟ್ ಗನ್ ಓಡಿಸಿ ನೋಡಿದ್ದು ಪೂರ್ತಿ ವ್ಯರ್ಥ: ಮೇಲ್ಮೈ ಬಿಸಿಯಾಗಿ ಒಳಗಿನ ತೇವ ಹಾಗೇ ಉಳಿಯಿತು, ಒಂದೆಡೆ ಶೀಟು ಬಾಗಿತು. ಅಂಟಿಸುವ ಮುನ್ನ ವಿನೈಲ್ ರೋಲನ್ನು ಎಸಿ ರೂಮಿನಲ್ಲಿಟ್ಟು ಹೊರಗೆ ತಂದರೆ ಅದರ ಮೇಲೇ ಬೆವರು ಕೂರುತ್ತದೆ, ಅದೂ ಬೇಡ.

ಇಷ್ಟೆಲ್ಲ ಯಾಕೆ ಎಂದರೆ ಲೆಕ್ಕ ನೋಡಿ. ಹತ್ತು ಮೂರರ ಬೋರ್ಡಿನಲ್ಲಿ ಪಾಲಿಮೆರಿಕ್ ವಿನೈಲ್ ಹದಿನೈದು ನೂರರ ಆಸುಪಾಸು. ಆದರೆ ಅದನ್ನು ಕೆಳಗಿಳಿಸಿ, ಹಳೆ ಗಮ್ಮು ತೆಗೆದು, ಮತ್ತೆ ಹತ್ತಿಸುವ ಹೊತ್ತಿಗೆ ಪರಾಂಚಿ (ಹತ್ತಿ ನಿಲ್ಲಲು ಕಟ್ಟುವ ಅಟ್ಟಣಿಗೆ), ಟೆಂಪೋ, ಇಬ್ಬರ ಕೂಲಿ ಸೇರಿ ಮೂರೂವರೆ ನಾಲ್ಕು ಸಾವಿರ. ಆ ಬೋರ್ಡಿನಲ್ಲಿ ಸಿಗುವ ಲಾಭವೂ ಅಷ್ಟೇ.

ಉಳಿದ ಸಣ್ಣ ಗುಳ್ಳೆಗಳಿಗೆ ಬ್ಲೇಡ್ ಹಿಡಿಯಬೇಡಿ, ಸೀಳು ಬಿಸಿಲಿಗೆ ಬಾಯಿ ಬಿಡುತ್ತದೆ. ಸಪೂರ ಹೊಲಿಗೆ ಸೂಜಿಯನ್ನು ಓರೆಯಾಗಿ ಹಿಡಿದು ಗುಳ್ಳೆಯ ನಡುವೆ ಅಲ್ಲ, ಅಂಚಿನಲ್ಲಿ ಚುಚ್ಚಿ, ಎದುರು ಬದಿಯಿಂದ ಬೆರಳಿನಲ್ಲಿ ಗಾಳಿಯನ್ನು ತೂತಿನ ಕಡೆ ದೂಡಿ, ಹೀಟ್ ಗನ್‌ನಿಂದ ಒಂದು ಕ್ಷಣ ಬಿಸಿ ತೋರಿಸಿ ಒತ್ತಿ. ಸಾಸಿವೆಯಷ್ಟು ಚಿಕ್ಕವನ್ನು ಮುಟ್ಟಲೇಬೇಡಿ, ಒಂದೆರಡು ವಾರದಲ್ಲಿ ಗಾಳಿ ಫಿಲ್ಮಿನ ಮೂಲಕವೇ ಹೋಗುತ್ತದೆ. ಗ್ಲೋ ಸೈನ್ ಆದರೆ ಕಾರ್ಖಾನೆಯಲ್ಲೇ ಹಿಂದೆ ಟ್ಯೂಬ್ ಉರಿಸಿ ಒಂದು ರಾತ್ರಿ ಇಟ್ಟು, ಬೆಳಗ್ಗೆ ನೋಡಿದ ಮೇಲೇ ಟೆಂಪೋಗೆ ಹೇಳಿ. ಕೊಟೇಶನ್‌ನಲ್ಲಿ ಈ ರಾತ್ರಿಗಳನ್ನೂ ಸೇರಿಸಿ ಮೂರು ದಿನ ಹೆಚ್ಚು ಬರೆಯಿರಿ, ಅವಸರದ ಪಾರ್ಟಿಗೆ ಮಳೆಗಾಲ ಮುಗಿಯುವವರೆಗೆ ಫ್ಲೆಕ್ಸ್ ಕೊಡಿ.