ಕಾರ್ನಿಯಾ ನೋಡಿ ಸ್ಕ್ಲೀರಲ್ ಲೆನ್ಸ್ ಕೂರಿಸುವ ಕ್ರಮ

ಸ್ಕ್ಲೀರಲ್ ಲೆನ್ಸ್ ಎಂಬ ದೊಡ್ಡ, ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾವನ್ನೂ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಲಿಂಬಸ್ಸನ್ನೂ (ಕಾರ್ನಿಯಾ ಬಿಳಿಭಾಗವನ್ನು ಸೇರುವ ಅಂಚು) ಮುಟ್ಟದೆ ದಾಟಿ, ಕಣ್ಣಿನ ಬಿಳಿಭಾಗದ ಮೇಲೆ ಕೂರುತ್ತದೆ. ನಡುವಿನ ಜಾಗದಲ್ಲಿ ಪ್ರಿಸರ್ವೇಟಿವ್ ಇಲ್ಲದ ಸಲೈನ್ ತುಂಬಿರುತ್ತದೆ. ಆದ್ದರಿಂದ ದಾವಣಗೆರೆ, ಚಿತ್ರದುರ್ಗದ ಕ್ಲಿನಿಕ್‌ಗಳಲ್ಲಿ ಈ ಕೆಲಸ ಕಲಿಯುತ್ತಿರುವ ಆಪ್ಟೊಮೆಟ್ರಿಸ್ಟರು ಕಾರ್ನಿಯಾದ ಬಾಗು ಅಳೆಯುವ ಕೆರಟೋಮೀಟರಿನ ಅಂಕಿಗಳನ್ನು ನೆಚ್ಚದೆ, ಲೆನ್ಸಿನ ಆಳವನ್ನು, ಅಂದರೆ ಸ್ಯಾಜಿಟಲ್ ಡೆಪ್ತನ್ನು, ಆಧಾರವಾಗಿಟ್ಟುಕೊಂಡು ಟ್ರಯಲ್ ಲೆನ್ಸ್ ಆರಿಸಬೇಕು.

ಲೆನ್ಸಿನ ಬಟ್ಟಲಿಗೆ ಸಲೈನ್ ತುಂಬಿ, ಹಸಿರಾಗಿ ಹೊಳೆಯುವ ಫ್ಲೋರೆಸೀನ್ ಬಣ್ಣದ ಸ್ಟ್ರಿಪ್ಪನ್ನು ಅದಕ್ಕೆ ತಾಗಿಸಿ, ರೋಗಿಯ ಮುಖ ನೆಲಕ್ಕೆ ಸಮಾನಾಂತರವಾಗಿ ಬಾಗಿರುವಾಗ ಲೆನ್ಸ್ ಹಾಕಬೇಕು. ಮುಖ ಸ್ವಲ್ಪ ಮೇಲೆದ್ದರೂ ಗಾಳಿಗುಳ್ಳೆ ಸೇರಿ ಪರೀಕ್ಷೆ ಕೆಡುತ್ತದೆ. ಸ್ಲಿಟ್ ಲ್ಯಾಂಪಿನ (ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕ) ಬಿಳಿ ಬೆಳಕಿನ ತೆಳು ಗೆರೆಯನ್ನು ಓರೆಯಾಗಿ ಬಿಟ್ಟಾಗ ಮೊದಲು ಲೆನ್ಸ್, ನಂತರ ದ್ರವದ ಹಸಿರು ಪಟ್ಟಿ, ಅದರ ಹಿಂದೆ ಕಾರ್ನಿಯಾ ಕಾಣುತ್ತವೆ. ಹಸಿರು ಪಟ್ಟಿಯನ್ನು ಲೆನ್ಸಿನ ದಪ್ಪದೊಂದಿಗೇ ಹೋಲಿಸಬೇಕು. ಕೆರಟೋಕೋನಸ್‌ನಲ್ಲಿ (ಕಾರ್ನಿಯಾ ಶಂಕುವಿನಂತೆ ಉಬ್ಬುವ ಕಾಯಿಲೆ) ಕಾರ್ನಿಯಾ ತೆಳುವಾಗಿರುವುದರಿಂದ ಅದನ್ನು ಅಳತೆಗೋಲಾಗಿ ಬಳಸಿದರೆ ಲೆಕ್ಕ ತಪ್ಪುತ್ತದೆ. ಹಾಕಿದ ಕೂಡಲೇ ಲೆನ್ಸಿಗೂ ಕಾರ್ನಿಯಾಕ್ಕೂ ನಡುವೆ ಸುಮಾರು 300 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಂತರವಿದ್ದರೆ ಸಾಮಾನ್ಯವಾಗಿ ಸಾಕು, ಏಕೆಂದರೆ ಕೆಲವು ಗಂಟೆಗಳಲ್ಲಿ ಲೆನ್ಸ್ 100 ಮೈಕ್ರಾನಿನ ಆಸುಪಾಸು ಕಣ್ಣಿನತ್ತ ಒಳಗಿಳಿಯುತ್ತದೆ. ಜಗಳೂರಿನಿಂದಲೋ ಮೊಳಕಾಲ್ಮೂರಿನಿಂದಲೋ ಬೆಳಗಿನ ಬಸ್ಸಿಗೆ ಬಂದವರನ್ನು ಬೇಗ ಕಳುಹಿಸಿಬಿಡಬೇಕೆಂದು ಅನಿಸುವುದು ಸಹಜ. ಆದರೂ ಮಧ್ಯಾಹ್ನದವರೆಗೆ ಉಳಿಸಿಕೊಂಡು, ಲೆನ್ಸ್ ಕಣ್ಣಿನಲ್ಲಿರುವಾಗಲೇ ಮತ್ತೊಮ್ಮೆ ನೋಡದೆ ಆರ್ಡರ್ ಕೊಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಕೆರಟೋಕೋನಸ್‌ನಲ್ಲಿ ಉಬ್ಬು ಸಾಮಾನ್ಯವಾಗಿ ನಡುವಿನಿಂದ ಕೆಳಕ್ಕೆ ಸರಿದಿರುತ್ತದೆ. ಹೀಗಾಗಿ ಪಾಪೆಯ ಎದುರಿನ ಅಂತರ ಚೆನ್ನಾಗಿದೆಯೆಂದು ಸಮಾಧಾನಪಡದೆ ಉಬ್ಬಿನ ತುದಿಯಲ್ಲಿ ಎಷ್ಟು ಉಳಿದಿದೆಯೆಂದು ನೋಡಬೇಕು. ಕನ್ನಡಕದ ಪವರ್ ಇಳಿಸಲು ಲೇಸಿಕ್ ಅಥವಾ ರೇಡಿಯಲ್ ಕೆರಟಾಟಮಿ ಶಸ್ತ್ರಚಿಕಿತ್ಸೆ ಆದ ಕಣ್ಣಿನಲ್ಲಿ ನಡುಭಾಗ ಚಪ್ಪಟೆಯಾಗಿದ್ದು ಸುತ್ತಲಿನ ಭಾಗ ಎತ್ತರವಾಗಿರುವುದರಿಂದ ಅದಕ್ಕೆ ಹೊಂದುವಂತೆ ನಡುವೆ ಚಪ್ಪಟೆಯಾಗಿ ಸುತ್ತ ಹೆಚ್ಚು ಬಾಗಿರುವ ರಿವರ್ಸ್ ಜಾಮಿಟ್ರಿ ಲೆನ್ಸ್ ಬೇಕಾಗಬಹುದು. ಸ್ಟೀವನ್ಸ್–ಜಾನ್ಸನ್ ಕಾಯಿಲೆಯಿಂದ (ಚರ್ಮಕ್ಕೂ ಲೋಳೆಪೊರೆಗೂ ತಗಲುವ ತೀವ್ರ ಪ್ರತಿಕ್ರಿಯೆ) ಒಣಗಿದ ಕಣ್ಣಿನಲ್ಲಿ ರೆಪ್ಪೆ ಬಿಳಿಭಾಗಕ್ಕೆ ಅಂಟಿಕೊಂಡಿದ್ದರೆ ಲೆನ್ಸಿನ ವ್ಯಾಸವನ್ನು ಅದೇ ನಿರ್ಧರಿಸುತ್ತದೆ.

ಹೆಚ್ಚಿನ ಎಚ್ಚರ ಬೇಕಾಗಿರುವುದು ಕಾರ್ನಿಯಾ ಕಸಿಯಾದ ಕಣ್ಣಿಗೆ. ಕಸಿ ಓರೆಯಾಗಿ ಕೂತಿದ್ದರೆ ಒಂದು ಬದಿಯಲ್ಲಿ ಪಟ್ಟಿ ದಪ್ಪವಾಗಿಯೂ ಎದುರು ಬದಿಯ ಹೊಲಿಗೆಯ ಅಂಚಿನಲ್ಲಿ ತೀರ ತೆಳುವಾಗಿಯೂ ಕಾಣುತ್ತದೆ. ಇಂಥವರ ಎಂಡೊಥೀಲಿಯಂ (ಕಾರ್ನಿಯಾದ ಒಳಪದರ) ಕೋಶಗಳು ಕಡಿಮೆಯಿರಬಹುದಾದ್ದರಿಂದ ಮೊದಲೇ ಆ ಕೋಶಗಳನ್ನು ಎಣಿಸುವ ಸ್ಪೆಕ್ಯುಲರ್ ಮೈಕ್ರೋಸ್ಕೋಪಿ ಮಾಡಿಸಿ, ಕಾರ್ನಿಯಾ ತಜ್ಞರೊಂದಿಗೆ ಮಾತನಾಡಿ ಮುಂದುವರಿಯಬೇಕು. ಆಮ್ಲಜನಕ ಲೆನ್ಸನ್ನೂ ದ್ರವವನ್ನೂ ಎರಡನ್ನೂ ದಾಟಿ ಬರಬೇಕಾಗಿರುವುದರಿಂದ, ಹೆಚ್ಚು ಡಿಕೆ (ಆಮ್ಲಜನಕವನ್ನು ಹಾಯಗೊಡುವ ಗುಣದ ಅಳತೆ) ಇರುವ ತೆಳು ಲೆನ್ಸನ್ನು ಆರಿಸಿ ದ್ರವದ ಪದರವನ್ನು ಸಾಧ್ಯವಾದಷ್ಟು ಕಡಿಮೆ ಇಡಬೇಕು. ಲೆನ್ಸ್ ಹಾಕಿಕೊಂಡ ಕೆಲ ಹೊತ್ತಿಗೆ ದೀಪದ ಸುತ್ತ ಬಣ್ಣದ ಬಳೆಗಳು ಕಂಡವು, ಮಂಜು ಕವಿದಂತಾಯಿತು ಎಂದು ರೋಗಿ ಹೇಳಿದರೆ ಕಾರ್ನಿಯಾ ಊದಿದೆಯೇ ಎಂದು ಅಂದೇ ಪರೀಕ್ಷಿಸಬೇಕು.

ಅಂಚು ಸರಿಯಾಗಿ ಕೂರದಿದ್ದರೆ ಒಳಗಿನ ಎಲ್ಲ ಲೆಕ್ಕವೂ ವ್ಯರ್ಥ. ಅಂಚಿನ ಕೆಳಗೆ ರಕ್ತನಾಳಗಳು ಬಿಳಿಚಿಕೊಂಡಿದ್ದರೆ ಅಲ್ಲಿ ಒತ್ತಡ ಬಿದ್ದಿದೆಯೆಂದರ್ಥ. ಆ ಭಾಗವನ್ನು ಸಡಿಲಿಸಬೇಕು. ಅಂಚು ಎದ್ದು ನೆರಳು ಬೀಳುತ್ತಿದ್ದರೆ ಬಿಗಿಗೊಳಿಸಬೇಕು. ಎದುರುಬದುರಾದ ಎರಡು ಕಡೆ ಬಿಳಿಚಿಕೊಂಡು ಉಳಿದೆರಡು ಕಡೆ ಎದ್ದಿದ್ದರೆ ಆ ಬಿಳಿಭಾಗಕ್ಕೆ ಬೇರೆ ಬೇರೆ ದಿಕ್ಕಿನಲ್ಲಿ ಬೇರೆ ಬೇರೆ ಬಾಗಿರುವ ಟೋರಿಕ್ ಅಂಚೇ ಬೇಕು. ಅಂಚು ಹೊಂದಿದ ಮೇಲಷ್ಟೇ ಓವರ್ ರಿಫ್ರ್ಯಾಕ್ಷನ್ (ಲೆನ್ಸ್ ಹಾಕಿದ ಮೇಲೆ ಮಾಡುವ ಪವರ್ ಪರೀಕ್ಷೆ) ಮಾಡಿ ಪವರ್ ಬರೆಯಬೇಕು.

ಮನೆಯಲ್ಲಿ ನೋಡಿಕೊಳ್ಳುವ ಬಗೆಯನ್ನು ರೋಗಿಗೂ ಜೊತೆಗೆ ಬಂದವರಿಗೂ ಮಾಡಿ ತೋರಿಸಿ ಕಳುಹಿಸಬೇಕು. ಬೋರ್‌ವೆಲ್ ನೀರಾಗಲಿ ನಲ್ಲಿ ನೀರಾಗಲಿ, ಕುದಿಸಿ ಆರಿಸಿದ್ದಾದರೂ, ಲೆನ್ಸಿಗೆ ತಾಗಬಾರದು. ನೀರಿನಲ್ಲಿರಬಹುದಾದ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿಯ ಸೋಂಕು ಕಣ್ಣನ್ನೇ ಕಳೆಯಬಲ್ಲದು. ತೆಗೆಯುವಾಗ ಪ್ಲಂಜರನ್ನು (ಲೆನ್ಸನ್ನು ಹೀರಿ ಹಿಡಿಯುವ ಪುಟ್ಟ ರಬ್ಬರ್ ಸಾಧನ) ಲೆನ್ಸಿನ ನಡುವೆ ಇಡದೆ ಅಂಚಿನ ಹತ್ತಿರ ಇಟ್ಟು ಎತ್ತಬೇಕು. ಕಣ್ಣು ಕೆಂಪಾಗಿ ನೋಯತೊಡಗಿದರೆ ಲೆನ್ಸ್ ತೆಗೆದಿಟ್ಟು ಅದೇ ದಿನ ಆಸ್ಪತ್ರೆಗೆ ಬರಬೇಕೆಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಬೇಕು.