ಮೊದಲು ಹೆಸರಿನ ಅಕ್ಷರ, ಆಮೇಲೆ ಮಂಜು

ಕೊಡಗಿನ ಪುಸ್ತಕದ ಮುಖಪುಟವಾಗಲಿ, ಕೊಡವ ಅಥವಾ ಅರೆಭಾಷೆ ಸಿನಿಮಾದ ಪೋಸ್ಟರಾಗಲಿ, ಕೆಲಸ ಕೊಡುವವರು ಮೊದಲು ಕಳಿಸುವುದು ಬೆಟ್ಟದ ಮೇಲೆ ಮಂಜು ಕವಿದ ಒಂದು ಫೋಟೊ. ನಾನು ಅದನ್ನು ಪಕ್ಕಕ್ಕಿಟ್ಟು ಹೆಸರಿನಿಂದ ಶುರು ಮಾಡುತ್ತೇನೆ. ಮಂಜು ಎಲ್ಲರ ಪೋಸ್ಟರಿನಲ್ಲೂ ಇದೆ. ವಿರಾಜಪೇಟೆಯ ಗೋಡೆಯ ಮೇಲೆ ದೂರದಿಂದ ಓದಿಸಿಕೊಳ್ಳಬೇಕಾದದ್ದು, ಮೊಬೈಲಿನಲ್ಲಿ ಹೆಬ್ಬೆರಳಗಲದ ಚಿತ್ರದಲ್ಲೂ ಗುರುತು ಸಿಗಬೇಕಾದದ್ದು ಹೆಸರು.

ಕೊಡವ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೂರಿಸುವುದು ಸುಲಭವಲ್ಲ. ಮಾತು, ಭಾಷೆ ಎಂಬರ್ಥದ ‘ತಕ್ಕ್’ ಎಂಬ ಒಂದೇ ಪದ ನೋಡಿ. ಕೆಳಗೆ ಒತ್ತಕ್ಷರ ಇಳಿದಿದೆ, ಮೇಲೆ ಅರ್ಧಾಕ್ಷರದ ಗುರುತು ಎದ್ದಿದೆ. ಸಾಲು ಇಕ್ಕಟ್ಟಾಯಿತೆಂದು ಯಾರಾದರೂ ಆ ಮೇಲಿನ ಗುರುತನ್ನು ಅಳಿಸಿದರೆ ಅದು ಕನ್ನಡದ ‘ತಕ್ಕ’ ಆಗುತ್ತದೆ, ಪದವೇ ಬೇರೆ. ಹಾಗಾಗಿ ಹೆಸರು ಎರಡು ಸಾಲಿಗೆ ಬಂದರೆ ಸಾಲಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡುತ್ತೇನೆ: 60 ಪಾಯಿಂಟ್ ಅಕ್ಷರಕ್ಕೆ 90. ಅದಕ್ಕೂ ಮೊದಲು ಹೆಸರನ್ನು ಬೇರೆ ಕಡೆ ಮುರಿದು ನೋಡುತ್ತೇನೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದ ಹಾಗೆ ಒಂದು ಜೋಡಣೆ ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ.

ಇನ್ನೊಂದು ಕಡೆ ಕಣ್ಣಿಗೆ ಬೀಳದ ಹಾಗೆ ತಪ್ಪಾಗುತ್ತದೆ. ‘ಕೈಲ್‌ಪೊಳ್ದ್’ ಎಂದು ಕೊಡವರ ಆಯುಧಪೂಜೆಯ ಹಬ್ಬದ ಹೆಸರು ಬರೆಯುವಾಗ ‘ಲ್’ ಮತ್ತು ‘ಪೊ’ ನಡುವೆ ಅವೆರಡೂ ಅಂಟದಂತೆ ತಡೆಯುವ, ಕಾಣದ ಒಂದು ಗುರುತಿರುತ್ತದೆ. ಯೂನಿಕೋಡಿನಲ್ಲಿ ಅದರ ಸಂಖ್ಯೆ 200ಸಿ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಅದು ಉದುರಿಹೋದರೆ ‘ಕೈಲ್ಪೊಳ್ದ್’ ಎಂದು ಒತ್ತಕ್ಷರ ಬಂದು ಕೂರುತ್ತದೆ. ಕೊಡವರು ಇದನ್ನು ನೋಡಿದ ತಕ್ಷಣ ಹಿಡಿಯುತ್ತಾರೆ, ಬೇರೆಯವರು ಹಿಡಿಯುವುದಿಲ್ಲ. ಕರಡನ್ನು ಕೊಡವ ಮನೆಮಾತಿನವರೊಬ್ಬರಿಂದ ಜೋರಾಗಿ ಓದಿಸದೆ ನಾನು ಮುದ್ರಣಕ್ಕೆ ಬಿಡುವುದಿಲ್ಲ.

ಒತ್ತಕ್ಷರಗಳೇ ಬಿಡಿಬಿಡಿಯಾಗಿ ಬರುತ್ತಿದ್ದರೆ ದೋಷ ಫಾಂಟಿನದ್ದಲ್ಲ, ಬಹುಮಟ್ಟಿಗೆ ಸೆಟ್ಟಿಂಗಿನದ್ದು. ಫೋಟೊಶಾಪಿನ ಟೈಪ್ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಲೇಔಟ್, ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ದುಕೊಳ್ಳಬೇಕು. ಲೇಖಕರು ಹಳೆಯ ನುಡಿ, ಬರಹ ಅಥವಾ ಶ್ರೀಲಿಪಿ ಫೈಲ್ ಕೊಟ್ಟರೆ ಯೂನಿಕೋಡಿಗೆ ಬದಲಿಸಿ, ಅರ್ಕಾವತ್ತು ಇರುವ ಪ್ರತಿ ಪದವನ್ನೂ ಬೆರಳಿಟ್ಟು ನೋಡುತ್ತೇನೆ.

ಮುದ್ರಣಕ್ಕೆ ಕಳಿಸುವ ಮುನ್ನ ಹೆಸರನ್ನು ಕರ್ವ್‌ಗೆ ಅಂದರೆ ಫಾಂಟ್ ಬೇಡದ ಬರಿ ಆಕಾರಕ್ಕೆ ಬದಲಿಸುವುದು ವಿನ್ಯಾಸದವರೆಲ್ಲರಿಗೂ ಗೊತ್ತು. ಆದರೆ ಅಕ್ಷರ ಮತ್ತು ಒತ್ತು ಒಂದರ ಮೇಲೊಂದು ಹಾಯುವ ಜಾಗದಲ್ಲಿ ಬಿಳಿ ತೂತು ಬೀಳುವುದು ಆಗಲೇ. ಕೋರಲ್‌ಡ್ರಾದಲ್ಲಿ ಕಂಬೈನ್ ಒತ್ತಿದರೆ ತೂತು ಬರುತ್ತದೆ, ವೆಲ್ಡ್ ಒತ್ತಿದರೆ ಬರುವುದಿಲ್ಲ. ಇಲಸ್ಟ್ರೇಟರಿನಲ್ಲಿ ಆ ಕೆಲಸ ಯುನೈಟ್‌ನದ್ದು. ಆಮೇಲೆ ಶೇ. 800ಕ್ಕೆ ಹಿಗ್ಗಿಸಿ ಪ್ರತಿ ಒತ್ತಿನ ಬುಡವನ್ನೂ ನೋಡುವುದಕ್ಕೆ ಐದು ನಿಮಿಷ ಸಾಕು.

ಹೆಸರು ನಿಂತ ಮೇಲೆ ಮಂಜಿಗೆ ಬರೋಣ. ಪರದೆಯ ಮೇಲೆ ಚಂದ ಕಂಡ ಮಂಜು ಆಫ್‌ಸೆಟ್ ಮುದ್ರಣದಲ್ಲಿ ಕೆಡುವುದು ಹೆಚ್ಚು. ಅಲ್ಲಿ ಬಣ್ಣ ಬೀಳುವುದು ಚುಕ್ಕಿಗಳಾಗಿ, ಶೇ. 3ಕ್ಕಿಂತ ಸಣ್ಣ ಚುಕ್ಕಿ ಕಾಗದದ ಮೇಲೆ ನಿಲ್ಲುವ ಭರವಸೆ ಇಲ್ಲ. ಮೆಲ್ಲಗೆ ಕರಗಬೇಕಾದ ಮಂಜು ಒಂದು ಕಡೆ ಕತ್ತರಿಸಿದಂತೆ ನಿಂತುಬಿಡುತ್ತದೆ. ಅದಕ್ಕೇ ಅತಿ ತಿಳಿಯಾದ ಜಾಗದಲ್ಲೂ ಸಯಾನ್ (ತಿಳಿನೀಲಿ) ಶೇ. 6, ಮೆಜೆಂಟಾ (ನಸುಗೆಂಪು) 4, ಹಳದಿ 4 ಉಳಿಸುತ್ತೇನೆ. ಕಾಗದದ ಬಿಳಿಯನ್ನು ಮಂಜಿಗೆ ಬಿಟ್ಟುಕೊಡುವುದಿಲ್ಲ, ಅದು ಬೇಕಿದ್ದರೆ ಹೆಸರಿಗೆ. ಮಂಜಿನಲ್ಲಿ ಪಟ್ಟೆ ಪಟ್ಟೆ ಕಾಣಿಸಿದರೆ ಫೈಲನ್ನು 8 ಬಿಟ್‌ನಲ್ಲಿ ತಿದ್ದಿರುವ ಸಾಧ್ಯತೆ ಹೆಚ್ಚು. 16 ಬಿಟ್‌ನಲ್ಲಿ ತಿದ್ದಿ, ಕೊನೆಗೆ ಶೇ. 2ರಷ್ಟು ನಾಯ್ಸ್ (ಸಣ್ಣ ಕಾಳಿನಂಥ ಚುಕ್ಕಿ) ಬೆರೆಸಿದರೆ ಪಟ್ಟೆ ಒಡೆಯುತ್ತದೆ.

ಹಸಿರಿನ ಕಷ್ಟ ಬೇರೆ. ನಾಟಿಯಾದ ಗದ್ದೆಯ ಎಳೆ ಹಸಿರು ಮೊಬೈಲಿನಲ್ಲಿ ಹೊಳೆಯುವ ಹಾಗೆ ನಾಲ್ಕು ಬಣ್ಣದ ಮುದ್ರಣದಲ್ಲಿ ಬರಲಾರದು. ಮೊದಲ ದಿನದಿಂದಲೇ, ಮುದ್ರಣದ ಬಣ್ಣವನ್ನು ಪರದೆಯಲ್ಲೇ ತೋರಿಸುವ ಸಿಎಂವೈಕೆ ಪ್ರೂಫ್ ನೋಟದಲ್ಲಿ ಕೆಲಸ ಮಾಡಿದರೆ ಆಮೇಲೆ ಎದೆ ಒಡೆಯುವುದಿಲ್ಲ. ಕಾಡಿನ ಗಾಢ ಹಸಿರಿಗೆ ನನ್ನ ಲೆಕ್ಕ ಸಯಾನ್ 85, ಮೆಜೆಂಟಾ 45, ಹಳದಿ 95, ಕಪ್ಪು 50, ಒಟ್ಟು 275. ಆರ್ಟ್ ಕಾಗದಕ್ಕೆ ಒಟ್ಟು ಶಾಯಿ 300 ದಾಟಬಾರದು. ದಾಟಿದರೆ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಚಿತ್ರದಲ್ಲಿ ಏನಿದೆ ಎಂಬುದಕ್ಕೂ ಕಾಲದ ಲೆಕ್ಕವಿದೆ. ಕಾಫಿ ಹೂ ಬರುವುದು ಮಾರ್ಚ್-ಏಪ್ರಿಲ್ ಹೊತ್ತಿಗೆ, ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ, ಇರುವುದು ಮೂರು-ನಾಲ್ಕು ದಿನ. ಸುಗ್ಗಿಯ ಹಬ್ಬ ಪುತ್ತರಿ ನವೆಂಬರ್ ಕೊನೆ ಅಥವಾ ಡಿಸೆಂಬರಿನದ್ದು. ಪುತ್ತರಿಯ ಕಥೆಗೆ ಹೂಬಿಟ್ಟ ತೋಟ ಹಾಕಿದರೆ ಇಲ್ಲಿನ ಓದುಗ ಅಲ್ಲಿಗೇ ನಂಬಿಕೆ ಕಳೆದುಕೊಳ್ಳುತ್ತಾನೆ. ಅಂತರ್ಜಾಲದಿಂದ ತಂದ ಚಿತ್ರಗಳಲ್ಲಿ ಒಂದೇ ರೆಂಬೆಯಲ್ಲಿ ಬಿಳಿ ಹೂವೂ ಗೊಂಚಲು ಗೊಂಚಲು ಕೆಂಪು ಹಣ್ಣೂ ಇರುವುದುಂಟು. ಅಂಥದ್ದನ್ನು ಮುಟ್ಟುವುದಿಲ್ಲ.

ಉಡುಪಿನಲ್ಲಿ ನಾನು ಅತಿ ಹೆಚ್ಚು ಎಚ್ಚರ ವಹಿಸುವುದು ಫೋಟೊವನ್ನು ಎಡ-ಬಲ ತಿರುಗಿಸುವ ವಿಷಯದಲ್ಲಿ. ಹೆಸರಿಗೆ ಜಾಗ ಬೇಕೆಂದು ಚಿತ್ರವನ್ನು ಕನ್ನಡಿಯಂತೆ ತಿರುಗಿಸುವುದು ವಿನ್ಯಾಸದವರಿಗೆ ಅಭ್ಯಾಸ. ಕೊಡವ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ, ಸೆರಗು ಎಡಗಂಕುಳ ಕೆಳಗಿನಿಂದ ಬಂದು ಬಲಭುಜದ ಮೇಲೆ ನಿಲ್ಲುತ್ತದೆ. ತಿರುಗಿಸಿದರೆ ಸೆರಗು ಎಡಭುಜಕ್ಕೆ ಹೋಗುತ್ತದೆ. ಗಂಡಸರ ಕುಪ್ಯದ (ಮೊಣಕಾಲವರೆಗಿನ ನಿಲುವಂಗಿ) ಮಡಿಕೆ, ಚೇಲೆಗೆ (ಸೊಂಟದ ಪಟ್ಟಿ) ಸಿಕ್ಕಿಸಿದ ಪೀಚೆಕತ್ತಿ ಎಲ್ಲವೂ ಅದಲುಬದಲು. ಜಾಗ ಬೇಕಿದ್ದರೆ ಹಿನ್ನೆಲೆಯನ್ನು ಹಿಗ್ಗಿಸುತ್ತೇನೆ, ಮನುಷ್ಯರನ್ನು ತಿರುಗಿಸುವುದಿಲ್ಲ. ಬಿಳಿ ಕುಪ್ಯ ಮದುಮಗನದ್ದು ಎಂಬುದನ್ನೂ ಮರೆಯಬಾರದು. ಕಪ್ಪು ಕುಪ್ಯ ಹಿನ್ನೆಲೆಯಲ್ಲಿ ಮುಳುಗುತ್ತದೆಂದು ಬಣ್ಣ ಬದಲಿಸಿದರೆ ನೆಂಟನನ್ನು ಮದುಮಗನಾಗಿಸಿದಂತೆ.

ಪುಸ್ತಕದ ಅಳತೆಗೆ ಬಂದರೆ, ಡೆಮಿ 1/8 ಎಂದರೆ 5.5 × 8.5 ಇಂಚು. 70 ಜಿಎಸ್‌ಎಂ ಮ್ಯಾಪ್‌ಲಿಥೊ ಹಾಳೆ ಒಂದಕ್ಕೆ ಸುಮಾರು 0.09ರಿಂದ 0.1 ಮಿ.ಮೀ. ದಪ್ಪ. 200 ಪುಟ ಎಂದರೆ 100 ಹಾಳೆ, ಮುಖಪುಟದ ಕಾರ್ಡ್ ಸೇರಿ ಬೆನ್ನು 10 ಮಿ.ಮೀ. ಆಸುಪಾಸು. ಸುತ್ತ 3 ಮಿ.ಮೀ. ಬ್ಲೀಡ್ (ಆಮೇಲೆ ಕತ್ತರಿಸಿಹೋಗುವ ಅಂಚು) ಸೇರಿಸಿದರೆ ಪೂರ್ತಿ ಮುಖಪುಟದ ಫೈಲ್ 296 × 222 ಮಿ.ಮೀ. ಆದರೂ ಅದೇ ಕಾಗದದ 100 ಹಾಳೆಯನ್ನು ತರಿಸಿ, ಒತ್ತಿ ಹಿಡಿದು ಅಳೆಯುವುದೇ ಸರಿ. ಬೆನ್ನು 6 ಮಿ.ಮೀ.ಗಿಂತ ಕಡಿಮೆಯಿದ್ದರೆ ಅಲ್ಲಿ ಹೆಸರು ಹಾಕುವುದಿಲ್ಲ. ಮಡಿಸುವಾಗ ಒಂದು ಮಿ.ಮೀ. ಸರಿದರೂ ಅಕ್ಷರ ಮುಖಕ್ಕೆ ಹತ್ತುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯ ಕಪಾಟಿನಲ್ಲಿಟ್ಟ ಪುಸ್ತಕದ ಮುಖಪುಟ ಮೇಲಕ್ಕೆ ಸುರುಳಿ ಏಳುತ್ತದೆ. ಲ್ಯಾಮಿನೇಷನ್ ಹಾಕಿದ ಮೇಲ್ಮೈ ತೇವ ಹೀರುವುದಿಲ್ಲ, ಒಳಮೈ ಹೀರಿ ಹಿಗ್ಗುತ್ತದೆ. ಕಾರ್ಡಿನ ನಾರು ಬೆನ್ನಿಗೆ ಸಮಾನಾಂತರವಾಗಿ ಬರುವಂತೆ ಹಾಳೆ ಕತ್ತರಿಸಲು ಮುದ್ರಕರಿಗೆ ಬರೆದೇ ಕೊಡುತ್ತೇನೆ. ನಾರು ಅಡ್ಡ ಹೋದರೆ ಬೆನ್ನಿನ ಮಡಿಕೆಯೂ ಸೀಳುತ್ತದೆ. ಮಳೆಗಾಲದಲ್ಲಿ ಮುದ್ರಣವಾದ ಹಾಳೆ ಕನಿಷ್ಠ 48 ಗಂಟೆ ಒಣಗದೆ ಲ್ಯಾಮಿನೇಷನ್‌ಗೆ ಹೋಗಬಾರದು. ಇಲ್ಲವಾದರೆ ಗಾಢ ಬಣ್ಣದ ಮೇಲೆ ಬೆಳ್ಳಿಯಂಥ ಗುಳ್ಳೆ ಏಳುತ್ತದೆ.

ಟಿವಿಗೆ 1920 × 1080ರ ಚೌಕಟ್ಟಿನಲ್ಲಿ ಎರಡೂ ಪಕ್ಕ 96, ಮೇಲೆ ಕೆಳಗೆ 54 ಪಿಕ್ಸೆಲ್ ಖಾಲಿ. ಚಾನೆಲ್ಲಿನ ಲೋಗೊ ಕೂರುವ ಮೂಲೆಯನ್ನು ಕೇಳಿ ತಿಳಿದುಕೊಳ್ಳಬೇಕು. ಯೂಟ್ಯೂಬಿನ ಥಂಬ್‌ನೇಲ್ ಚಿತ್ರಕ್ಕೆ ನನ್ನ ಅಳತೆ 1280 × 720, ಅದರ ಕೆಳಗಿನ ಬಲಮೂಲೆಯಲ್ಲಿ ಅವಧಿಯ ಅಂಕಿ ಬಂದು ಕೂರುವುದರಿಂದ ಹೆಸರಿನ ಕೊನೆಯ ಅಕ್ಷರ ಅಲ್ಲಿರಬಾರದು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದು ಕುಗ್ಗುತ್ತದೆ. ಮುದ್ರಣದ ಫೈಲನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿ.

ಗೋಡೆಯ ಪೋಸ್ಟರಿಗೆ ನನ್ನ ಅಳತೆ 20 × 30 ಇಂಚಿನ ಡಬಲ್ ಕ್ರೌನ್. ಅಂಟಿಗೆ ಒಂದು ಕೆ.ಜಿ. ಮೈದಾಕ್ಕೆ ಆರು ಲೀಟರ್ ನೀರು: ಮೊದಲು ಒಂದು ಲೀಟರ್ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಉಳಿದ ನೀರನ್ನು ಕುದಿಸಿ, ಕದಡಿದ್ದನ್ನು ಅದರೊಳಗೆ ಸುರಿಯುತ್ತಾ ಕೈಯಾಡಿಸಬೇಕು. ಬೂಷ್ಟು ಹಿಡಿಯದಿರಲು ಒಂದು ಚಮಚ ಮೈಲುತುತ್ತು. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸುವ ಮನೆಗಳಲ್ಲಿ ಅದು ಹೇಗೂ ಇರುತ್ತದೆ. ಅಂಟು ಆರಿದ ಮೇಲೆ ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಬೆರೆಸಿ, ಕಬ್ಬಿಣ ಅಥವಾ ಅಲ್ಯೂಮಿನಿಯಂ ಪಾತ್ರೆಯನ್ನು ಅದು ತಿನ್ನುತ್ತದೆ. ವಿಷ, ಆ ಬಕೆಟ್ಟನ್ನು ಅಡುಗೆಮನೆಗೆ ತರಬೇಡಿ.

ಪೋಸ್ಟರಿನ ಕೆಳಗೆ ಮೂರು ಇಂಚು ಬರಿ ಬಿಳಿ ಪಟ್ಟಿ ಬಿಡುತ್ತೇನೆ. ಪ್ರದರ್ಶನ ಯಾವ ಸಭಾಂಗಣದಲ್ಲಿ, ಎಷ್ಟು ಹೊತ್ತಿಗೆ ಎಂಬುದು ಊರಿಂದೂರಿಗೆ ಬದಲಾಗುವುದರಿಂದ ಅದನ್ನು ಅಂಟಿಸುವವರೇ ಮಾರ್ಕರಿನಲ್ಲಿ ಬರೆಯುತ್ತಾರೆ. ಆ ಪಟ್ಟಿಗೆ ಬಣ್ಣವೂ ಬೇಡ, ವಾರ್ನಿಷೂ ಬೇಡ. ವಾರ್ನಿಷ್ ಇದ್ದರೆ ಮಾರ್ಕರಿನ ಶಾಯಿ ಹಿಡಿಯದೆ ಒರೆಸಿಹೋಗುತ್ತದೆ.