ಆರ್‌ಪಿಜಿ ಇಲ್ಲದೆ, ಸಿಎಲ್‌ನಲ್ಲೇ ಪತ್ರದ ಗುರುತುಗಳ ಜಾಗದಲ್ಲಿ ಮೌಲ್ಯ ತುಂಬಿದ ನನ್ನ ಅನುಭವ

ಐಬಿಎಂ ಐ (ಹಳೆಯ ಹೆಸರು ಎಎಸ್/400) ಯಂತ್ರದ ಕಮಾಂಡ್ ಭಾಷೆ ಸಿಎಲ್‌ನಲ್ಲಿ, ಸಿದ್ಧ ಪತ್ರದೊಳಗಿನ ಗುರುತುಗಳ ಜಾಗಕ್ಕೆ ನಿಜವಾದ ಮೌಲ್ಯ ಹಾಕುವುದು ಆಗುವ ಕೆಲಸವಲ್ಲ, ಅದಕ್ಕೆ ಆರ್‌ಪಿಜಿ ಎಂಬ ಪ್ರೋಗ್ರಾಮಿಂಗ್ ಭಾಷೆಯೇ ಬೇಕು ಎಂದವರೇ ಹೆಚ್ಚು. ಕೊಪ್ಪಳದ ಗಿಣಿಗೇರಿ ಕಡೆಯ ಒಂದು ಉಕ್ಕು ಘಟಕದಲ್ಲಿ ಅದಿರು ಇಳಿಸಿ ಹೊರಟ ಪ್ರತಿ ಲಾರಿಯ ಮಾಲೀಕರಿಗೂ ವಾಹನ ಸಂಖ್ಯೆ, ತೂಕ, ಬಾಡಿಗೆ ದರ ತುಂಬಿದ ಇ-ಮೇಲ್ ಈಗ ನನ್ನ ಸಿಎಲ್ ಪ್ರೋಗ್ರಾಂನಿಂದಲೇ ಹೋಗುತ್ತಿದೆ. ಎರಡು ವರ್ಷದ ಹತ್ತಿರ ಬಂತು, ಒಂದು ದಿನವೂ ನಿಂತಿಲ್ಲ.

ಆರ್‌ಪಿಜಿಯಲ್ಲಾದರೆ ಒಂದು ಪದ ಹುಡುಕಿ ಇನ್ನೊಂದನ್ನು ಕೂರಿಸುವ ಸ್ಕ್ಯಾನ್‌ಆರ್‌ಪಿಎಲ್ ಎಂಬ ಒಂದೇ ಫಂಕ್ಷನ್ ಸಾಕು. ಆದರೆ ಆ ಯಂತ್ರದಲ್ಲಿ ಆರ್‌ಪಿಜಿ ಕಂಪೈಲರ್‌ನ (ಬರೆದ ಪ್ರೋಗ್ರಾಂ ಅನ್ನು ಓಡುವಂತೆ ಮಾಡುವ ತಂತ್ರಾಂಶದ) ಪರವಾನಗಿಯೇ ಇಲ್ಲ. ಅದನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಸಿಎಲ್ ಕಂಪೈಲರ್ ಆಪರೇಟಿಂಗ್ ಸಿಸ್ಟಂ ಜೊತೆಗೇ ಬರುತ್ತದೆ. ಬೆಂಗಳೂರಿನ ಸಲಹೆಗಾರರೊಬ್ಬರು ಪರವಾನಗಿ ಬಿಟ್ಟು ಬರೀ ಬರವಣಿಗೆಗೆ ಒಂದೂವರೆ ಲಕ್ಷದಷ್ಟು ಕೇಳಿದ್ದರು. ನಾನು ಅದರ ಕಾಲುಭಾಗಕ್ಕಿಂತ ಕಡಿಮೆಗೆ ಒಪ್ಪಿಕೊಂಡೆ.

ಹಳೆಯ ಪ್ರೋಗ್ರಾಂ ಒಂದಿತ್ತು, ಅಕ್ಷರಗಳನ್ನು ಹುಡುಕಿಕೊಡುವ ಕ್ಯೂಸಿಎಲ್‌ಸ್ಕ್ಯಾನ್ ಎಂಬ ಸಿಸ್ಟಂ ಪ್ರೋಗ್ರಾಂ ಕರೆಯುವಂಥದ್ದು. ಅದರಲ್ಲಿ ಪತ್ರದ ಉದ್ದವನ್ನು ಮೂರಂಕಿಯ ಪ್ಯಾಕ್ಡ್ (ಬೈಟಿಗೆ ಎರಡಂಕಿ ಅಡಕಿಸಿದ) ಸಂಖ್ಯೆಯಾಗಿ ಕೊಡಬೇಕು, ಹಾಗಾಗಿ 999 ಅಕ್ಷರ ದಾಟಿದರೆ ಮುಗಿಯಿತು. ದರದ ಷರತ್ತುಗಳೆಲ್ಲ ಸೇರಿದ ಪತ್ರ ಅದರಲ್ಲಿ ಹಿಡಿಸಲಿಲ್ಲ.

ಮೊದಲು ಚಿಕ್ಕ ಸಂದೇಶಗಳ ಮಾತು. ಇವಕ್ಕೆ ಗುರುತುಗಳನ್ನು ಒಂದೊಂದಾಗಿ ಹುಡುಕಿ ತುಂಬುವ ಲೂಪ್ ಬರೆಯುವುದೇ ದಂಡ. ಸಿದ್ಧ ಸಂದೇಶಗಳನ್ನಿಡುವ ಮೆಸೇಜ್ ಫೈಲ್‌ನಲ್ಲಿ ‘ಲಾರಿ &1, ತೂಕ &2 ಟನ್’ ಎಂಬರ್ಥದ ವಿವರಣೆ ಸೇರಿಸಿ, ಸಂದೇಶ ತೆಗೆದುಕೊಡುವ ಆರ್‌ಟಿವಿಎಂಎಸ್‌ಜಿ ಕಮಾಂಡ್ ಕೊಟ್ಟರೆ ಸಿಸ್ಟಂ ತಾನೇ ತುಂಬಿ ಕೊಡುತ್ತದೆ. ಅಕ್ಷರದ ಮೌಲ್ಯವಾದರೆ ಅದರ ಕೊನೆಯ ಖಾಲಿ ಜಾಗವನ್ನೂ ಕತ್ತರಿಸುತ್ತದೆ. ತೊಡಕು ಇರುವುದು ಮೆಸೇಜ್ ಡೇಟಾದಲ್ಲಿ, ಅಂದರೆ ತುಂಬಬೇಕಾದ ಮೌಲ್ಯಗಳ ಸಾಲಿನಲ್ಲಿ: ಪ್ರತಿ ಮೌಲ್ಯವೂ ತನ್ನ ನಿಗದಿತ ಸ್ಥಾನದಲ್ಲೇ ಕೂರಬೇಕು, ತೂಕ ಪ್ಯಾಕ್ಡ್ ರೂಪದಲ್ಲೇ ಇರಬೇಕು. ಸಂಖ್ಯೆಯನ್ನು ಕ್ಯಾಟ್‌ನಿಂದ (ಅಕ್ಷರಗಳನ್ನು ಒಂದರ ಹಿಂದೆ ಒಂದು ಅಂಟಿಸುವುದು) ಜೋಡಿಸಲು ಬರುವುದಿಲ್ಲ. ಅದಕ್ಕೆ ತೂಕದ ವೇರಿಯಬಲ್ ಅನ್ನು ಡೇಟಾದ ವೇರಿಯಬಲ್ ಮೇಲೆಯೇ ಡಿಫೈನ್ಡ್ ಎಂದು, ಅಂದರೆ ಅದೇ ಮೆಮೊರಿಯನ್ನು ಹಂಚಿಕೊಳ್ಳುವಂತೆ ಘೋಷಿಸಿದೆ, ಹನ್ನೊಂದನೇ ಬೈಟ್‌ನಿಂದ. ತೂಕಕ್ಕೆ ಬೆಲೆ ಕೊಟ್ಟರೆ ಡೇಟಾ ತಾನೇ ತುಂಬುತ್ತದೆ. ಇದನ್ನು ಕಂಡ ಮೇಲೆ ಅಲ್ಲಿನ ಹಿರಿಯ ಆಪರೇಟರ್, ‘ಸರ್, ಇದು ಇಷ್ಟು ದಿನ ನಮ್ಮ ಕಣ್ಣೆದುರೇ ಇತ್ತಲ್ಲ’ ಎಂದರು.

ಮೆಸೇಜ್‌ನ ಮೊದಲ ಹಂತಕ್ಕೆ (ಮುಖ್ಯ ಸಾಲು) 132 ಅಕ್ಷರದ ಮಿತಿ. ಎರಡನೇ ಹಂತಕ್ಕೆ (ವಿವರಣೆ) 3000. ಆದರೂ ಪತ್ರದ ಒಕ್ಕಣೆಯನ್ನು ಲೆಕ್ಕಪತ್ರ ವಿಭಾಗದವರೇ ಆಗಾಗ ತಿದ್ದುವುದರಿಂದ ಉದ್ದದ ಪತ್ರಗಳಿಗೆ ಲೂಪ್ ಬೇಕೇ ಆಯಿತು. ಮೌಲ್ಯ ಬರಬೇಕಾದ ಕಡೆ ಗುರುತು ಹಾಕಲು ಚೌಕ ಆವರಣ ಬೇಡವೇ ಬೇಡ: ಅದರ ಸಂಕೇತ ಸಿಸಿಎಸ್‌ಐಡಿ (ಅಕ್ಷರ-ಸಂಕೇತ ಪಟ್ಟಿಯ ಸಂಖ್ಯೆ) 37ರಲ್ಲಿ ಒಂದು, 500ರಲ್ಲಿ ಇನ್ನೊಂದು. ಲಾರಿ ತೂಗುವ ವೇಬ್ರಿಡ್ಜ್‌ನ ಪಿಸಿಯಲ್ಲಿ ಟೈಪಿಸಿದ ಗುರುತು ಕಚೇರಿಯ ಪ್ರೋಗ್ರಾಂಗೆ ಕಾಣಲೇ ಇಲ್ಲ, ಅದಕ್ಕೇ ಒಂದು ವಾರ ಹೋಯಿತು. < ಮತ್ತು > ಚಿಹ್ನೆಗಳ ಸಂಕೇತ ಎರಡು ಪಟ್ಟಿಗಳಲ್ಲೂ ಒಂದೇ.

ಜೋಡಣೆಯಲ್ಲಿ ಎಲ್ಲರೂ ಎಡವುವುದು ಕ್ಯಾಟ್‌ನ ಇನ್ನೊಂದು ಬಗೆಯಾದ ಟಿಕ್ಯಾಟ್‌ನಲ್ಲಿ. ಅದು ತನ್ನ ಎಡಭಾಗದ ಕೊನೆಯ ಖಾಲಿ ಜಾಗವನ್ನು ನುಂಗುತ್ತದೆ. ‘ಲಾರಿ’ ಪದವೂ ‘ಕೆಎ 35’ ಸಂಖ್ಯೆಯೂ ಅಂಟಿಕೊಂಡು ಬರುತ್ತವೆ. ಸರಿಯಾದ ಕ್ರಮ ಇದು: ಎಡ ತುಂಡು, ಕ್ಯಾಟ್, ಮೌಲ್ಯ, ಟಿಕ್ಯಾಟ್, ಬಲ ತುಂಡು. ಮೌಲ್ಯ ಪೂರ್ತಿ ಖಾಲಿಯಿದ್ದರೆ ಮಾತ್ರ ಎಡ ತುಂಡಿನ ಖಾಲಿ ಜಾಗವೂ ಹೋಗುತ್ತದೆ, ಅದಕ್ಕೊಂದು ಐಎಫ್ (ಷರತ್ತು) ಇಡಿ. ಗುರುತು ಮೊದಲ ಅಕ್ಷರದಲ್ಲೇ ಇದ್ದರೆ ಎಡ ತುಂಡಿನ ಉದ್ದ ಸೊನ್ನೆಯಾಗಿ, ತುಂಡು ಕತ್ತರಿಸುವ ಸಬ್‌ಸ್ಟ್ರಿಂಗ್ ಮುರಿದು ಬೀಳುತ್ತದೆ, ಅದಕ್ಕೂ ಒಂದು.

ಮುಂದಿನ ಗುರುತಿನ ಹುಡುಕಾಟ (ಸ್ಕ್ಯಾನ್) ತುಂಬಿದ ಮೌಲ್ಯದ ಆಚೆಯಿಂದಲೇ ಶುರುವಾಗಲಿ. ಇಲ್ಲವಾದರೆ, ಮೌಲ್ಯದೊಳಗೇ ಗುರುತು ಬಂದಾಗ ಲೂಪ್ ನಿಲ್ಲುವುದಿಲ್ಲ, ಓಡುತ್ತಿರುವ ಜಾಬ್ ಅನ್ನೇ ಕೊಲ್ಲಬೇಕಾಗುತ್ತದೆ. ಮೌಲ್ಯದ ನಿಜವಾದ ಉದ್ದ ಚೆಕ್‌ಆರ್ ಫಂಕ್ಷನ್‌ನಿಂದ ಸಿಗುತ್ತದೆ. ಲೆನ್ ಫಂಕ್ಷನ್ ಕೊಡುವುದು ವೇರಿಯಬಲ್‌ಗೆ ಘೋಷಿಸಿದ ಉದ್ದವನ್ನು.

ನಡುವೆ ಸಿಎಲ್‌ನಿಂದ ಎಸ್‌ಕ್ಯೂಎಲ್ (ಡೇಟಾಬೇಸ್ ಭಾಷೆ) ಓಡಿಸುವ ರನ್‌ಎಸ್‌ಕ್ಯೂಎಲ್ ಕಮಾಂಡ್‌ನಿಂದಲೂ ನೋಡಿದೆ. ಕ್ಯೂಟೆಂಪ್‌ನ (ಆ ಜಾಬ್‌ಗಷ್ಟೇ ಸೇರಿದ ತಾತ್ಕಾಲಿಕ ಜಾಗದ) ಟೇಬಲ್‌ಗೆ ರಿಪ್ಲೇಸ್ ಮಾಡಿದ ಸಾಲು ಸೇರಿಸಿ ಓದುವ ದಾರಿ. ಜರ್ನಲ್ (ಬದಲಾವಣೆಗಳ ದಾಖಲೆ) ಇಲ್ಲದ ಟೇಬಲ್ ಆದ್ದರಿಂದ, ಬದಲಾವಣೆ ಹಿಂಪಡೆಯಲು ನೆರವಾಗುವ ಕಮಿಟ್ ಕಂಟ್ರೋಲ್ ಬೇಡ ಎಂದು ಸ್ಪಷ್ಟವಾಗಿ ಹೇಳದಿದ್ದರೆ ಎಸ್‌ಕ್ಯೂಎಲ್7008 ಎಂಬ ದೋಷ ಎದುರಾಗುತ್ತದೆ. ಅದನ್ನು ದಾಟಿದರೂ ನೂರು ಸಂದೇಶಕ್ಕೆ ಅರ್ಧ ನಿಮಿಷದಷ್ಟು ಹಿಡಿಯಿತು. ನನ್ನ ಲೂಪ್‌ಗೆ ಕಣ್ಣು ಮಿಟುಕಿಸುವಷ್ಟೂ ಬೇಡ. ಆ ದಾರಿ ಬಿಟ್ಟೆ.

ಕೈಯಿಂದ ಓಡಿಸಿದಾಗ ಸರಿಯಿದ್ದ ಪತ್ರ, ಹಿನ್ನೆಲೆಯಲ್ಲಿ ಓಡಿಸುವ ಎಸ್‌ಬಿಎಂಜಾಬ್ ಕಮಾಂಡ್‌ನಿಂದ ಕಳಿಸಿದಾಗ ಬಾಲದಲ್ಲಿ ಕಸ ಹೊತ್ತು ಬಂತು. ಪ್ರೋಗ್ರಾಂ ಕರೆಯುವ ಕಾಲ್ ಕಮಾಂಡ್, ಅಕ್ಷರದ ಸ್ಥಿರಾಂಕಕ್ಕೆ 32 ಅಕ್ಷರದವರೆಗೆ ಮಾತ್ರ ಖಾಲಿ ಜಾಗ ತುಂಬಿ ಕಳಿಸುತ್ತದೆ; ಅದಕ್ಕಿಂತ ಉದ್ದವಿದ್ದರೆ ಇದ್ದಷ್ಟೇ ಹೋಗುತ್ತದೆ, ಮುಂದಿನದು ಮೆಮೊರಿಯಲ್ಲಿದ್ದ ಏನೋ. ಸ್ವಂತ ಕಮಾಂಡ್ ಒಂದನ್ನು ಮಾಡಿ ಪ್ಯಾರಾಮೀಟರ್ ಉದ್ದ 2000 ಎಂದು ಕಟ್ಟಿದ ಮೇಲೆ ಕಸ ಕಾಣಲಿಲ್ಲ.

ಹೆಸರಿನೊಳಗೆ ಒಂಟಿ ಉದ್ಧರಣ ಚಿಹ್ನೆ ಬಂದಾಗ ಕಮಾಂಡ್ ಅನ್ನು ಅಕ್ಷರ ರೂಪದಲ್ಲಿ ಪಡೆದು ಓಡಿಸುವ ಕ್ಯೂಸಿಎಂಡಿಇಎಕ್ಸ್‌ಸಿ ಮೂಲಕ ಹೇಗೆ ದಾಟಿಸುತ್ತೇನೆ ಎಂಬುದನ್ನು ಇಲ್ಲಿ ಬಿಡಿಸುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಸಂದೇಶಗಳು ಸದ್ಯಕ್ಕೆ ಇಂಗ್ಲಿಷಿನಲ್ಲೇ ಹೋಗುತ್ತಿವೆ, ಮೇಲೆ ಹೇಳಿದ ಈ ಇಬಿಸಿಡಿಕ್ (ಐಬಿಎಂನ ಅಕ್ಷರ-ಸಂಕೇತ) ಕೋಡ್‌ಪುಟಗಳಲ್ಲಿ ಕನ್ನಡಕ್ಕೆ ಜಾಗವಿಲ್ಲ. ಪತ್ರದ ಒಕ್ಕಣೆಯನ್ನು ಎಲ್ಲ ಲಿಪಿಗಳಿಗೂ ಜಾಗವಿರುವ ಯುಟಿಎಫ್-8 ಕಡತವಾಗಿ, ಪಿಸಿಯಂತೆ ಫೋಲ್ಡರ್‌ಗಳಿರುವ ಐಎಫ್‌ಎಸ್‌ನಲ್ಲಿಟ್ಟು ಅಲ್ಲೇ ತುಂಬುವ ಪ್ರಯೋಗ ಶುರು ಮಾಡಿದ್ದೇನೆ. ಸಂಡೂರಿನ ಲಾರಿ ಮಾಲೀಕರು ಬಾಡಿಗೆಯ ಲೆಕ್ಕವನ್ನು ಕನ್ನಡದಲ್ಲಿ ಕೇಳುತ್ತಿದ್ದಾರೆ, ಕೊಡಲೇಬೇಕು.